ಕಾರ್ಖಾನೆ ನಿರ್ವಹಣೆ ತಂತ್ರಜ್ಞರಿಗೊಂದು ಕನ್ನಡ ಮೇಲಿಂಗ್ ಲಿಸ್ಟ್: ಮೇಲ್‌ಮ್ಯಾನ್ 3 ಜೋಡಣೆಯ ದಾಖಲೆ

ಬೇಕಾಗಿದ್ದದ್ದು ಇಷ್ಟು. 415 ವೋಲ್ಟ್ ಮೋಟಾರು, ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಡ್ರೈವ್), ಪಿಎಲ್‌ಸಿ (ಯಂತ್ರ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್), ಕಂಪ್ರೆಸರ್ ನೋಡಿಕೊಳ್ಳುವ ಸುಮಾರು 300 ನಿರ್ವಹಣೆ ತಂತ್ರಜ್ಞರು ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಉತ್ತರಿಸುವ ಈಮೇಲ್ ಚರ್ಚಾಪಟ್ಟಿ. ಅದನ್ನು ನಡೆಸುವ ತಂತ್ರಾಂಶ ಮೇಲ್‌ಮ್ಯಾನ್ 3. ಹೊಸಬರ ಪತ್ರ ಮಾಡರೇಟರ್ ಕಣ್ಣಿಗೆ ಬಿದ್ದೇ ಮುಂದೆ ಹೋಗಬೇಕು. ನಂಬಿಕೆ ಗಳಿಸಿದವರದ್ದು ನೇರ ಹೋಗಬೇಕು. ಎರಡು ವರ್ಷದ ಹಿಂದಿನ ಉತ್ತರ ಹುಡುಕಿದರೆ ಸಿಗಬೇಕು. ಚಾಟ್ ಗುಂಪಿನಲ್ಲಿ ಈ ಮೂರನ್ನೂ ಒಟ್ಟಿಗೆ ಸಾಧಿಸಲು ಆಗುವುದಿಲ್ಲ.

ಇಡೀ ವ್ಯವಸ್ಥೆಯಲ್ಲಿ ಅತ್ಯಂತ ದುಬಾರಿ ಭಾಗ ಸರ್ವರ್ ಅಲ್ಲ, ಮಾಡರೇಟರ್‌ಗಳ ಸಮಯ. ಪಾಳಿ ಮುಗಿಸಿ ಬಂದು ಬಿಟ್ಟಿ ಕೂತು ಪತ್ರ ಓದುವವರು ಅವರು. ಹಾಗಾಗಿ ಯಂತ್ರ ತೀರ್ಮಾನಿಸಬಲ್ಲದ್ದು ಅವರ ಮುಂದೆ ಬರಬಾರದು. ಅವರೇ ತೀರ್ಮಾನಿಸಬೇಕಾದದ್ದನ್ನು ಯಂತ್ರ ಸದ್ದಿಲ್ಲದೆ ಕಸಕ್ಕೆ ಹಾಕಲೂಬಾರದು. ಕೆಳಗಿನ ಪ್ರತಿ ಸೆಟ್ಟಿಂಗ್ ಆಯ್ದದ್ದು ಇದೇ ಲೆಕ್ಕದಲ್ಲಿ.

ಸರ್ವರ್ ಮತ್ತು ಡಿಎನ್‌ಎಸ್

2 ಜಿಬಿ ರ‍್ಯಾಮ್, 40 ಜಿಬಿ ಡಿಸ್ಕ್ ಇರುವ ಒಂದು ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್) ಸಾಕು. ಮೇಲ್‌ಮ್ಯಾನ್ 3 ಹತ್ತಕ್ಕೂ ಹೆಚ್ಚು ಪೈಥಾನ್ ಪ್ರಕ್ರಿಯೆಗಳನ್ನು ಸದಾ ಓಡಿಸುತ್ತದೆ. ಜೊತೆಗೆ ಪೋಸ್ಟೋರಿಯಸ್ ಎಂಬ ಆಡಳಿತ ಪುಟ, ಹೈಪರ್‌ಕಿಟ್ಟಿ ಎಂಬ ಹಳೆಯ ಪತ್ರಗಳ ಸಂಗ್ರಹ, ಪೋಸ್ಟ್‌ಗ್ರೆಸ್ ಡೇಟಾಬೇಸ್. 1 ಜಿಬಿಯಲ್ಲಿ ಇದೆಲ್ಲ ಏದುಸಿರು ಬಿಡುತ್ತದೆ. ಮೆಮೊರಿ ಸಾಲದೆ ಒಂದು ಪ್ರಕ್ರಿಯೆ ಸತ್ತರೂ ಪತ್ರಗಳು ಸಾಲಿನಲ್ಲೇ ನಿಂತುಬಿಡುತ್ತವೆ. ಡೆಬಿಯನ್ 12ರಲ್ಲಿ 'ಮೇಲ್‌ಮ್ಯಾನ್3-ಫುಲ್' ಪ್ಯಾಕೇಜ್ ಹಾಕಿದರೆ ಪೋಸ್ಟ್‌ಗ್ರೆಸ್ ಬಿಟ್ಟು ಉಳಿದೆಲ್ಲವೂ ಒಟ್ಟಿಗೆ ಬರುತ್ತವೆ.

ಸರ್ವರ್ ಬಾಡಿಗೆಗೆ ಹಿಡಿಯುವ ಮುನ್ನ ಕೇಳಬೇಕಾದ ಪ್ರಶ್ನೆ ಎರಡೇ: ಹೊರಹೋಗುವ ಪೋರ್ಟ್ 25 (ಸರ್ವರ್‌ಗಳ ನಡುವೆ ಪತ್ರ ಸಾಗುವ ದಾರಿ) ತೆರೆದಿದೆಯೇ, ಐಪಿಗೆ ಪಿಟಿಆರ್ ದಾಖಲೆ (ಐಪಿ ವಿಳಾಸ ಯಾವ ಹೆಸರಿನದ್ದೆಂದು ತಿಳಿಸುವ ಡಿಎನ್‌ಎಸ್ ಸಾಲು) ಹಾಕಲು ಬಿಡುತ್ತಾರೆಯೇ. ಬಹಳಷ್ಟು ಕ್ಲೌಡ್ ಕಂಪನಿಗಳು ಪೋರ್ಟ್ 25 ಮುಚ್ಚಿಟ್ಟಿರುತ್ತವೆ. ಪಿಟಿಆರ್ ಅನ್ನು ಡೊಮೇನ್ ಕೊಂಡ ಕಡೆಯಲ್ಲ, ವಿಪಿಎಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಹಾಕಬೇಕು. ಐಪಿವಿ6 ವಿಳಾಸಕ್ಕೆ ಪಿಟಿಆರ್ ಇಲ್ಲದಿದ್ದರೆ ಜಿಮೇಲ್ ಪತ್ರ ತೆಗೆದುಕೊಳ್ಳುವುದಿಲ್ಲ. ಅದನ್ನು ಸರಿಮಾಡಲು ಆಗದಿದ್ದರೆ ಪತ್ರ ಸಾಗಿಸುವ ಪೋಸ್ಟ್‌ಫಿಕ್ಸ್ ತಂತ್ರಾಂಶದಲ್ಲಿ ಐಪಿವಿ4 ಮಾತ್ರ ಬಳಸುವಂತೆ ಹೇಳಿಬಿಡುವುದು ಲೇಸು.

ಲಿಸ್ಟ್‌ಗೆ ಪ್ರತ್ಯೇಕ ಉಪಡೊಮೇನ್ ಕೊಡಿ. ಲಿಸ್ಟ್ ನಡೆಸುವ ಸಂಘದ ಕಚೇರಿ ಪತ್ರಗಳೂ ಲಿಸ್ಟ್ ಪತ್ರಗಳೂ ಒಂದೇ ಡೊಮೇನ್‌ನಿಂದ ಹೊರಟರೆ, ಒಂದರ ಕೆಟ್ಟ ಹೆಸರು ಇನ್ನೊಂದಕ್ಕೂ ಅಂಟುತ್ತದೆ. ಆ ಉಪಡೊಮೇನ್‌ಗೆ ಎಂಎಕ್ಸ್ (ಪತ್ರ ಪಡೆಯುವ ಸರ್ವರ್ ಯಾವುದು), ಎಸ್‌ಪಿಎಫ್ (ಕಳಿಸಲು ಅನುಮತಿಯುಳ್ಳ ಸರ್ವರ್‌ಗಳ ಪಟ್ಟಿ), ಡಿಕೆಐಎಂ (ಪತ್ರದ ಡಿಜಿಟಲ್ ಸಹಿ), ಡಿಎಂಎಆರ್‌ಸಿ (ಈ ಎರಡೂ 'ಫ್ರಮ್' ಡೊಮೇನ್‌ಗೆ ಹೊಂದದಿದ್ದರೆ ಏನು ಮಾಡಬೇಕೆಂಬ ನೀತಿ) ನಾಲ್ಕೂ ಬೇಕು. ಡಿಕೆಐಎಂ ಕೀಲಿ 2048 ಬಿಟ್‌ನದ್ದಾದರೆ ಅದರ ಪಠ್ಯ 255 ಅಕ್ಷರ ದಾಟುತ್ತದೆ. ಡಿಎನ್‌ಎಸ್‌ನ ಟೆಕ್ಸ್ಟ್ ದಾಖಲೆಯಲ್ಲಿ ಒಂದು ತುಂಡಿನ ಮಿತಿ 255, ಆದ್ದರಿಂದ ಉದ್ಧರಣ ಚಿಹ್ನೆಯೊಳಗೆ ಎರಡು ತುಂಡು ಮಾಡಿ ಒಂದೇ ದಾಖಲೆಯಾಗಿ ಹಾಕಬೇಕು. ಕೆಲವು ಡಿಎನ್‌ಎಸ್ ಪುಟಗಳು ಇದನ್ನು ತಾವೇ ಮಾಡುತ್ತವೆ, ಕೆಲವು ಕೀಲಿಯ ಬಾಲವನ್ನು ಸುಮ್ಮನೆ ಕತ್ತರಿಸುತ್ತವೆ. ಹಾಕಿದ ಮೇಲೆ ಹೊರಗಿನಿಂದ ಕೇಳಿ ನೋಡಿ, ಕೊನೆಯ ಹತ್ತು ಅಕ್ಷರ ಕಡತದೊಂದಿಗೆ ಹೊಂದುತ್ತವೆಯೇ ಎಂದು ತಾಳೆ ಹಾಕಿ. ಡಿಎಂಎಆರ್‌ಸಿಯನ್ನು ಮೊದಲು 'ನನ್' ನೀತಿಯಲ್ಲಿಟ್ಟು, ವರದಿಗಳು ಬರುವ ವಿಳಾಸ ಕೊಟ್ಟು ಕೆಲವು ವಾರ ನೋಡಿ.

ಪೋಸ್ಟ್‌ಫಿಕ್ಸ್ ಜೊತೆ ಜೋಡಣೆ

ಹೊರಗಿನಿಂದ ಬಂದ ಪತ್ರವನ್ನು ಪೋಸ್ಟ್‌ಫಿಕ್ಸ್ ಎಲ್‌ಎಂಟಿಪಿ ಎಂಬ ವಿಧಾನದ ಮೂಲಕ ಪೋರ್ಟ್ 8024ರಲ್ಲಿ ಮೇಲ್‌ಮ್ಯಾನ್‌ಗೆ ಕೊಡುತ್ತದೆ. ಮೇನ್.ಸಿಎಫ್ ಕಡತದಲ್ಲಿ ಟ್ರಾನ್ಸ್‌ಪೋರ್ಟ್ ಮ್ಯಾಪ್, ಲೋಕಲ್ ರೆಸಿಪಿಯೆಂಟ್ ಮ್ಯಾಪ್, ರಿಲೇ ಡೊಮೇನ್ ಈ ಮೂರು ಸಾಲುಗಳೂ ಮೇಲ್‌ಮ್ಯಾನ್ ತಾನೇ ತಯಾರಿಸುವ ಕಡತಗಳತ್ತ ತೋರಿಸಬೇಕು. ರೆಸಿಪಿಯೆಂಟ್ ಡಿಲಿಮಿಟರ್ ಪ್ಲಸ್ ಚಿಹ್ನೆಯಾಗಿರಬೇಕು, ಇಲ್ಲದಿದ್ದರೆ ದೃಢೀಕರಣದ ಉತ್ತರಗಳು ವಾಪಸ್ ಬರುವಾಗ ದಾರಿ ತಪ್ಪುತ್ತವೆ. ಲಿಸ್ಟ್ ಸೃಷ್ಟಿಸಿದ ಮೇಲೂ 'ಯೂಸರ್ ಅನ್‌ನೋನ್' ಎಂದು ಪತ್ರ ತಿರುಗಿ ಬಂದರೆ ಮೊದಲು ನೋಡಬೇಕಾದದ್ದು ಆ ಕಡತಗಳು ನಿಜಕ್ಕೂ ತುಂಬಿವೆಯೇ ಎಂದು. ಖಾಲಿ ಇದ್ದರೆ 'ಮೇಲ್‌ಮ್ಯಾನ್ ಅಲಿಯಾಸಸ್' ಆದೇಶ ಒಮ್ಮೆ ಕೊಟ್ಟರೆ ಮತ್ತೆ ತಯಾರಾಗುತ್ತವೆ.

ಮರೆತುಹೋಗುವ ಮೂರು ಸಾಲುಗಳಿವೆ. ಮೇಲ್‌ಮ್ಯಾನ್‌ನ ರೆಸ್ಟ್ ಸೇವೆ (ಆಡಳಿತ ಪುಟ ಮೇಲ್‌ಮ್ಯಾನ್‌ನೊಂದಿಗೆ ಮಾತಾಡುವ ದಾರಿ, ಪೋರ್ಟ್ 8001) ಎಲ್ಲರಿಗೂ ಗೊತ್ತಿರುವ ಒಂದೇ ಪಾಸ್‌ವರ್ಡ್‌ನೊಂದಿಗೆ ಬರಬಹುದು, ಬದಲಿಸಿ. ಅದೂ 8024ನೂ 127.0.0.1ಕ್ಕೆ, ಅಂದರೆ ಅದೇ ಯಂತ್ರಕ್ಕೆ, ಮಾತ್ರ ಕಟ್ಟಿರಲಿ. ಸೈಟ್ ಓನರ್ ವಿಳಾಸ ಮಾದರಿ ವಿಳಾಸವಾಗಿಯೇ ಉಳಿದರೆ ವ್ಯವಸ್ಥೆಯ ದೂರುಗಳು ಯಾರಿಗೂ ತಲುಪುವುದಿಲ್ಲ. ಮೂರನೆಯದು ಹೈಪರ್‌ಕಿಟ್ಟಿಯ ಆರ್ಕೈವರ್ ಕೀ. ಇದು ಎರಡು ಕಡತಗಳಲ್ಲಿರುತ್ತದೆ, ಎರಡೂ ಒಂದೇ ಆಗಿರಬೇಕು. ಹೊಂದದಿದ್ದರೆ ಪತ್ರಗಳು ಸದಸ್ಯರಿಗೆ ಸರಿಯಾಗಿ ಹೋಗುತ್ತವೆ, ಸಂಗ್ರಹಕ್ಕೆ ಮಾತ್ರ ಸೇರುವುದಿಲ್ಲ. ಯಾರಿಗೂ ಗೊತ್ತಾಗದ ದೋಷ ಇದು. ಅದೃಷ್ಟಕ್ಕೆ ಪತ್ರಗಳು ಕಳೆದುಹೋಗುವುದಿಲ್ಲ, ಸ್ಪೂಲ್ ಕೋಶದಲ್ಲಿ ಕಾಯುತ್ತಿರುತ್ತವೆ.

ಕಳಿಸಿದವರು ಒಬ್ಬರು, ಹೊರಬೀಳುವವರು ಇನ್ನೊಬ್ಬರು

ಲಿಸ್ಟ್ ಕಟ್ಟುವವರು ಅತಿ ಹೆಚ್ಚು ಎಡವುವುದು ಇಲ್ಲಿ. ಸದಸ್ಯರೊಬ್ಬರು ಯಾಹೂ ವಿಳಾಸದಿಂದ ಪ್ರಶ್ನೆ ಕಳಿಸುತ್ತಾರೆ. ಮೇಲ್‌ಮ್ಯಾನ್ ಅದರ ಕೆಳಗೆ ಅಡಿಬರಹ ಸೇರಿಸಿ, ಶೀರ್ಷಿಕೆಗೆ ಪೂರ್ವಪದ ಹಚ್ಚಿ, ಎಲ್ಲರಿಗೂ ಹಂಚುತ್ತದೆ. ಅಡಿಬರಹ ಸೇರಿದ ಕ್ಷಣ ಯಾಹೂ ಹಾಕಿದ್ದ ಡಿಕೆಐಎಂ ಸಹಿ ಮುರಿಯುತ್ತದೆ. ಎಸ್‌ಪಿಎಫ್ ಪಾಸಾಗುವುದು ಲಿಸ್ಟ್‌ನ ಡೊಮೇನ್‌ಗೆ, 'ಫ್ರಮ್' ಸಾಲಿನಲ್ಲಿರುವುದು ಯಾಹೂ. ಎರಡೂ ಹೊಂದದ ಕಾರಣ ಡಿಎಂಎಆರ್‌ಸಿ ಸೋಲುತ್ತದೆ. ಯಾಹೂ 2014ರ ಏಪ್ರಿಲ್‌ನಿಂದ ಇಂಥ ಪತ್ರವನ್ನು ತಿರಸ್ಕರಿಸಿ ಎಂದೇ ಘೋಷಿಸಿರುವುದರಿಂದ, ಜಿಮೇಲ್ ಮತ್ತಿತರ ಸರ್ವರ್‌ಗಳು ಅದನ್ನು ಬಾಗಿಲಲ್ಲೇ ತಿರುಗಿಸುತ್ತವೆ.

ನಿಜವಾದ ಅನ್ಯಾಯ ಆಮೇಲೆ ನಡೆಯುತ್ತದೆ. ತಿರುಗಿ ಬಂದ ಪತ್ರದ ದೋಷಾಂಕ ಬರೆದವರ ಹೆಸರಿಗಲ್ಲ, ಪಡೆಯಬೇಕಿದ್ದವರ ಹೆಸರಿಗೆ ಬೀಳುತ್ತದೆ. ಮೇಲ್‌ಮ್ಯಾನ್ ದಿನಕ್ಕೆ ಒಂದರಂತೆ ಅಂಕ ಕೂಡಿಸುತ್ತದೆ. ಹೊಸ ಲಿಸ್ಟ್‌ನಲ್ಲಿ ಮಿತಿ 5. ಯಾಹೂ ವಿಳಾಸದ ಯಾರಾದರೂ ಐದು ದಿನ ಸತತ ಬರೆದರೆ ಜಿಮೇಲ್‌ನಲ್ಲಿರುವ ನೂರಾರು ನಿರಪರಾಧಿಗಳಿಗೆ ಪತ್ರ ಬರುವುದೇ ನಿಲ್ಲುತ್ತದೆ.

ಪರಿಹಾರ ಎರಡು. ಒಂದು, ಪತ್ರದ ಒಂದಕ್ಷರವನ್ನೂ ಮುಟ್ಟದಿರುವುದು: ಅಡಿಬರಹ ಬೇಡ, ಪೂರ್ವಪದ ಬೇಡ, ಲಗತ್ತು ಸೋಸುವುದೂ ಬೇಡ. ಸಹಿ ಹಾಗೇ ಉಳಿಯುತ್ತದೆ. ಇನ್ನೊಂದು, ಡಿಎಂಎಆರ್‌ಸಿ ಮಿಟಿಗೇಶನ್‌ನಲ್ಲಿ 'ಮಂಜ್ ಫ್ರಮ್' ಆರಿಸಿ, 'ಫ್ರಮ್' ಸಾಲಿನಲ್ಲಿ ಬರೆದವರ ಹೆಸರು, ಲಿಸ್ಟ್‌ನ ವಿಳಾಸ ಬರುವಂತೆ ಮಾಡುವುದು. ತಂತ್ರಜ್ಞರ ಲಿಸ್ಟ್‌ನಲ್ಲಿ ಲಗತ್ತು ಸೋಸಲೇಬೇಕಾಗುತ್ತದೆ, ಆದ್ದರಿಂದ ಎರಡನೆಯದೇ ಸರಿ. ಅದನ್ನು 'ಅನ್‌ಕಂಡಿಶನಲ್' ಎಂದು ಎಲ್ಲ ಪತ್ರಗಳಿಗೂ ಅನ್ವಯಿಸಿ. ಕೆಲವರ ಹೆಸರು ಒಂದು ರೀತಿ, ಕೆಲವರದ್ದು ಇನ್ನೊಂದು ರೀತಿ ಕಂಡರೆ ಸದಸ್ಯರು ಗೊಂದಲಕ್ಕೆ ಬೀಳುತ್ತಾರೆ.

'ರಿಪ್ಲೈ' ಒತ್ತಿದರೆ ಉತ್ತರ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಇದರೊಂದಿಗೇ ತೀರ್ಮಾನಿಸಿ. ರಿಪ್ಲೈ-ಟು ಬದಲಿಸಬೇಡ ಎಂದಿಟ್ಟರೆ ಮೇಲ್‌ಮ್ಯಾನ್ ಬರೆದವರ ವಿಳಾಸವನ್ನು ಅಲ್ಲಿ ಸೇರಿಸುತ್ತದೆ, ಉತ್ತರ ಅವರೊಬ್ಬರಿಗೇ ಹೋಗುತ್ತದೆ. ಲಿಸ್ಟ್‌ಗೇ ಹೋಗಲಿ ಎಂದಿಟ್ಟರೆ ಬರೆದವರ ವಿಳಾಸ ಸಿಸಿಗೆ ಸರಿಯುತ್ತದೆ. ಪರಿಹಾರಗಳು ಸಂಗ್ರಹದಲ್ಲಿ ಉಳಿಯಬೇಕಾದರೆ ಲಿಸ್ಟ್‌ಗೆ ಹೋಗುವುದೇ ಒಳ್ಳೆಯದು. ಮಾಡರೇಶನ್ ಇರುವುದರಿಂದ 'ನನ್ನ ನಂಬರ್‌ಗೆ ಫೋನ್ ಮಾಡಿ' ಎಂಬ ಖಾಸಗಿ ಉತ್ತರ ತಪ್ಪಿ ಬಂದರೂ ಹೊಸಬರದ್ದಾದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಯಾವುದು ನಿಲ್ಲಬೇಕು, ಯಾವುದು ಹೋಗಬೇಕು

ಸೇರ್ಪಡೆಗೆ 'ಕನ್‌ಫರ್ಮ್, ಆಮೇಲೆ ಮಾಡರೇಟ್' ಎಂಬ ನೀತಿ. ಮೊದಲು ವಿಳಾಸ ಅವರದ್ದೇ ಎಂದು ಖಚಿತವಾಗುತ್ತದೆ, ನಂತರ ಮಾಡರೇಟರ್ ಒಂದು ಸಾಲಿನ ಪತ್ರ ಕಳಿಸಿ ಯಾವ ಕೆಲಸದಲ್ಲಿದ್ದೀರಿ ಎಂದು ಕೇಳುತ್ತಾರೆ. ಉತ್ತರಿಸದ ವಿಳಾಸವನ್ನು ಸೇರಿಸಬೇಕಿಲ್ಲ.

ಸದಸ್ಯರ ಪೂರ್ವನಿಯೋಜಿತ ಕ್ರಮ 'ಹೋಲ್ಡ್'. ಮೂರು ಒಳ್ಳೆಯ ಪತ್ರ ಬಂದ ಮೇಲೆ ಆ ಸದಸ್ಯರ ಹೆಸರಿನ ಮುಂದೆ 'ಡೀಫಾಲ್ಟ್ ಪ್ರೊಸೆಸಿಂಗ್' ಎಂದು ಬದಲಿಸಿ. ಪಕ್ಕದಲ್ಲೇ ಇರುವ 'ಅಕ್ಸೆಪ್ಟ್ ಇಮ್ಮೀಡಿಯಟ್ಲಿ' ಆರಿಸಬೇಡಿ, ಎಷ್ಟೇ ಹಿರಿಯರಾಗಲಿ. ಅದು ಗಾತ್ರ, ಸ್ವೀಕರ್ತರ ಸಂಖ್ಯೆ ಮುಂತಾದ ಮುಂದಿನ ಪರೀಕ್ಷೆಗಳನ್ನೆಲ್ಲ ಹಾರಿಸಿ ಪತ್ರ ಬಿಡುತ್ತದೆ. ಹಿರಿಯರ ಮೊಬೈಲ್‌ಗೆ ವೈರಸ್ ಹೊಕ್ಕರೆ ಮೊದಲು ಬಳಕೆಯಾಗುವುದು ಈ ತೆರೆದ ಬಾಗಿಲೇ.

ಸದಸ್ಯರಲ್ಲದವರ ಪತ್ರಕ್ಕೆ 'ರಿಜೆಕ್ಟ್' ಇಟ್ಟರೆ, ನಕಲಿ ವಿಳಾಸದಿಂದ ಬಂದ ಸ್ಪ್ಯಾಮ್‌ಗೆಲ್ಲ ಉತ್ತರ ಹೋಗಿ ಸಂಬಂಧವಿಲ್ಲದವರ ಇನ್‌ಬಾಕ್ಸ್ ತುಂಬುತ್ತದೆ, ನಿಮ್ಮ ಐಪಿಯ ಹೆಸರೂ ಕೆಡುತ್ತದೆ. 'ಡಿಸ್ಕಾರ್ಡ್' ಇಟ್ಟರೆ ಕಚೇರಿ ವಿಳಾಸದಿಂದ ಸೇರಿ ಜಿಮೇಲ್‌ನಿಂದ ಬರೆದವರ ಪತ್ರ ಮಾಯವಾಗುತ್ತದೆ, ಇದು ತೀರಾ ಸಾಮಾನ್ಯ. ಆದ್ದರಿಂದ 'ಹೋಲ್ಡ್' ಇಟ್ಟು, ಸ್ಪ್ಯಾಮ್ ಅನ್ನು ಮೇಲ್‌ಮ್ಯಾನ್‌ಗೂ ಮುಂಚೆ, ಪೋಸ್ಟ್‌ಫಿಕ್ಸ್ ಹಂತದಲ್ಲೇ ಆರ್‌ಸ್ಪ್ಯಾಮ್‌ಡಿ ಎಂಬ ಸ್ಪ್ಯಾಮ್ ಶೋಧಕದ ಮೂಲಕ ತಡೆಯಿರಿ. ಎರಡನೇ ವಿಳಾಸದಿಂದ ಬರೆಯುವವರಿಗೆ ಆ ವಿಳಾಸವನ್ನೂ ಸೇರಿಸಿ, ವಿತರಣೆ ಮಾತ್ರ ನಿಲ್ಲಿಸಿಡಿ.

ಇಷ್ಟಾದ ಮೇಲೂ ಒಳ್ಳೆಯ ಪತ್ರಗಳು ವಿಚಿತ್ರ ಕಾರಣಕ್ಕೆ ನಿಲ್ಲುತ್ತವೆ. ಲಿಸ್ಟ್ ವಿಳಾಸವನ್ನು ಬಿಸಿಸಿಯಲ್ಲಿ ಹಾಕಿದರೆ 'ಇಂಪ್ಲಿಸಿಟ್ ಡೆಸ್ಟಿನೇಶನ್' ಎಂದು ನಿಲ್ಲುತ್ತದೆ. ಹತ್ತು ಜನರನ್ನು ಸಿಸಿಯಲ್ಲಿಟ್ಟರೆ ಸ್ವೀಕರ್ತರ ಮಿತಿಗೆ ತಾಗುತ್ತದೆ. ಮೊದಲ ಸಾಲುಗಳಲ್ಲಿ ಯಾವುದರಲ್ಲಾದರೂ ಇಂಗ್ಲಿಷಿನ 'ಹೆಲ್ಪ್' ಪದವೊಂದೇ ಇದ್ದರೆ ಅದು ಲಿಸ್ಟ್‌ಗೆ ಕೊಟ್ಟ ಆದೇಶವಿರಬಹುದೆಂದು ನಿಲ್ಲಿಸುತ್ತದೆ. ಕಾರಣ ತಿಳಿಯದೆ ಮಾಡರೇಟರ್‌ಗಳು ಸದಸ್ಯರನ್ನು ಗದರುವಂತಾಗಬಾರದು. ತಡೆಯ ಕಾರಣ ಪುಟದಲ್ಲೇ ಬರೆದಿರುತ್ತದೆ, ಮೊದಲು ಅದನ್ನು ಓದಿಸಿ.

ಕನ್ನಡ ಬಂದಾಗ ಕೆಡುವ ಜಾಗಗಳು

ಇಂಗ್ಲಿಷ್ ಕೈಪಿಡಿಗಳಲ್ಲಿ ಇಲ್ಲದ ಭಾಗ ಇದು, ಕನ್ನಡ ಲಿಸ್ಟ್ ಸೋಲುವುದೂ ಗೆಲ್ಲುವುದೂ ಇಲ್ಲೇ.

ಮೊದಲು ಗಾತ್ರ. ಹೊಸ ಲಿಸ್ಟ್‌ನಲ್ಲಿ ಪತ್ರದ ಮಿತಿ 40 ಕೆಬಿ. 'ಮೋಟಾರ್' ಎಂಬ ಪದ ತೆಗೆದುಕೊಳ್ಳಿ. ಮ, ಓತ್ವ, ಟ, ದೀರ್ಘ, ರ, ವಿರಾಮ, ಹೀಗೆ ಯೂನಿಕೋಡ್‌ನಲ್ಲಿ ಆರು ಚಿಹ್ನೆ. ಯುಟಿಎಫ್-8ರಲ್ಲಿ ಪ್ರತಿಯೊಂದೂ 3 ಬೈಟ್, ಒಟ್ಟು 18. ಈಮೇಲ್ ಬೇಸ್64 ಎಂಬ ಸಂಕೇತರೂಪದಲ್ಲಿ ಹೊರಟರೆ 24 ಬೈಟ್ ಆಗುತ್ತದೆ. ಕೋಟೆಡ್-ಪ್ರಿಂಟಬಲ್ ರೂಪದಲ್ಲಿ ಹೊರಟರೆ ಪ್ರತಿ ಬೈಟಿಗೂ ಮೂರು ಅಕ್ಷರ, ಅಂದರೆ 54. ಆ ಲೆಕ್ಕದಲ್ಲಿ 40 ಕೆಬಿಗೆ ಸುಮಾರು 4,500 ಚಿಹ್ನೆಯಷ್ಟೇ ಹಿಡಿಸುತ್ತದೆ. ಅದೇ ಪಠ್ಯದ ಎಚ್‌ಟಿಎಂಎಲ್ ಪ್ರತಿ ಜೊತೆಗಿರುತ್ತದೆ, ಹಿಂದಿನ ಪತ್ರಗಳ ಉಲ್ಲೇಖ ಕೆಳಗೆ ಜೋತಾಡುತ್ತಿರುತ್ತದೆ. ಫೋಟೊ ಒಂದೂ ಇಲ್ಲದ ಪತ್ರ ಮೂರನೇ ಉತ್ತರಕ್ಕೇ 'ದೊಡ್ಡದಾಯಿತು' ಎಂದು ನಿಲ್ಲುವುದು ಇದರಿಂದ. ಮಿತಿಯನ್ನು 500 ಕೆಬಿಗೆ ಏರಿಸಿ. ನೇಮ್‌ಪ್ಲೇಟಿನ ಫೋಟೊವನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ ಅದರೊಳಗೆ ಸಲೀಸಾಗಿ ಹಿಡಿಸುತ್ತದೆ. ಅದಕ್ಕಿಂತ ಮೇಲೆ ಹೋಗಬೇಡಿ: 1 ಎಂಬಿ ಲಗತ್ತು ಬೇಸ್64ರಲ್ಲಿ ಸುಮಾರು 1.37 ಎಂಬಿ, 300 ಜನಕ್ಕೆ ಹಂಚಿದರೆ 400 ಎಂಬಿ ದಾಟುತ್ತದೆ.

ಎರಡನೆಯದು ಎಚ್‌ಟಿಎಂಎಲ್ ಸೋಸುವಿಕೆ. ಸಾದಾ ಪಠ್ಯ, ಜೆಪೆಗ್, ಪಿಡಿಎಫ್ ಮಾತ್ರ ಬಿಡಬೇಕೆಂದು ಇಟ್ಟಾಗ, ಬರೀ ಎಚ್‌ಟಿಎಂಎಲ್‌ನಲ್ಲಿ ಬಂದ ಪತ್ರದಲ್ಲಿ ಉಳಿಯುವುದು ಏನೂ ಇಲ್ಲ. ಎಚ್‌ಟಿಎಂಎಲ್ ಅನ್ನೂ ಬಿಟ್ಟು, ಅದನ್ನು ಸಾದಾ ಪಠ್ಯಕ್ಕೆ ತಿರುಗಿಸುವ ಆಯ್ಕೆ ಹಾಕಬೇಕು. ತಿರುಗಿಸುವ ಕೆಲಸ ಮಾಡುವುದು ಲಿಂಕ್ಸ್ ಎಂಬ ಪಠ್ಯ ಬ್ರೌಸರ್, ಅದು ಬೇರೆಯಾಗಿ ಸ್ಥಾಪಿಸಬೇಕಾದದ್ದು. ಸಿಸ್ಟಮ್‌ಡಿ (ಸೇವೆಗಳನ್ನು ಓಡಿಸುವ ವ್ಯವಸ್ಥೆ) ಅಡಿಯಲ್ಲಿ ಮೇಲ್‌ಮ್ಯಾನ್ ಓಡುವಾಗ ಯುಟಿಎಫ್-8 ಲೊಕೇಲ್ (ಭಾಷೆ, ಅಕ್ಷರಗಳ ಸೆಟ್ಟಿಂಗ್) ಇಲ್ಲದಿದ್ದರೆ ಲಿಂಕ್ಸ್‌ನಿಂದ ಕನ್ನಡದ ಬದಲು ಅಸಂಬದ್ಧ ಅಕ್ಷರಗಳು ಹೊರಬರುತ್ತವೆ. ಆದೇಶದ ಸಾಲಿನಲ್ಲೇ ಡಿಸ್‌ಪ್ಲೇ ಚಾರ್‌ಸೆಟ್ ಯುಟಿಎಫ್-8 ಎಂದು ಬರೆಯಿರಿ. ಕೈಯಾರೆ ಓಡಿಸಿ ಸರಿ ಕಂಡಿತೆಂದು ಬಿಡಬೇಡಿ, ನಿಮ್ಮ ಶೆಲ್‌ನ ಲೊಕೇಲ್ ಬೇರೆ, ಸೇವೆಯ ಲೊಕೇಲ್ ಬೇರೆ. ಪರೀಕ್ಷೆ ಲಿಸ್ಟ್ ಮೂಲಕವೇ ಆಗಬೇಕು.

ಶೀರ್ಷಿಕೆಯ ಪೂರ್ವಪದ ಕೈಬಿಡಿ. ಕನ್ನಡ ಶೀರ್ಷಿಕೆ 75 ಅಕ್ಷರ ಮಿತಿಯ ಸಂಕೇತಿತ ತುಂಡುಗಳಾಗಿ ಹೋಗುತ್ತದೆ, ಒಂದು ತುಂಡಿಗೆ ಹಿಡಿಸುವುದು ಸುಮಾರು 15 ಕನ್ನಡ ಚಿಹ್ನೆ. ಪೂರ್ವಪದ ಸೇರಿದಷ್ಟೂ ತುಂಡು ಹೆಚ್ಚು. ಕೆಲವು ಮೇಲ್ ಆ್ಯಪ್‌ಗಳು 3 ಬೈಟಿನ ಅಕ್ಷರವನ್ನು ನಡುವೆಯೇ ಕತ್ತರಿಸಿ ಪ್ರಶ್ನಾರ್ಥಕ ಚಿಹ್ನೆ ಮಾಡುತ್ತವೆ. ಲಿಸ್ಟ್ ಪತ್ರ ಬೇರ್ಪಡಿಸಿಕೊಳ್ಳಲು ಬಯಸುವವರು 'ಲಿಸ್ಟ್-ಐಡಿ' ಹೆಡರ್ ಮೇಲೆ ಫಿಲ್ಟರ್ ಹಾಕಿಕೊಳ್ಳಲಿ.

ನುಡಿ, ಬರಹದ ಹಳೆಯ ಫಾಂಟ್‌ನಲ್ಲಿ ಟೈಪಿಸಿದ ಪಠ್ಯವನ್ನು ಅಂಟಿಸಿದವರ ಪತ್ರ ಲ್ಯಾಟಿನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಅದು ಸ್ಪ್ಯಾಮ್ ಅಲ್ಲ. ಹಳೆಯ ಕಾರ್ಖಾನೆಗಳ ನಿರ್ವಹಣೆ ಟಿಪ್ಪಣಿಗಳು ಹೆಚ್ಚಾಗಿ ಆ ಕಡತಗಳಲ್ಲೇ ಇವೆ, ಬಹಳ ಬೆಲೆಯುಳ್ಳವು. ಯೂನಿಕೋಡ್‌ಗೆ ಪರಿವರ್ತಿಸಿ ಮತ್ತೆ ಕಳಿಸಿ ಎಂಬ ಸಿದ್ಧ ಉತ್ತರವನ್ನು ವಿನಯದಿಂದ ಬರೆದಿಡಿ.

ಇನ್ನು ಹುಡುಕಾಟ. ಹೈಪರ್‌ಕಿಟ್ಟಿ ಸಾಮಾನ್ಯವಾಗಿ ವೂಶ್ ಎಂಬ ಹುಡುಕುಯಂತ್ರದೊಂದಿಗೆ ಬರುತ್ತದೆ. ಅದು ಪದಗಳನ್ನು ಬಿಡಿಸಲು ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್ ನೆಚ್ಚಿಕೊಂಡಿದೆ. ಆ ನಿಯಮದಲ್ಲಿ ಕನ್ನಡದ ವ್ಯಂಜನಗಳು ಅಕ್ಷರ, ಕಾಗುಣಿತ ಚಿಹ್ನೆ ಮತ್ತು ವಿರಾಮ ಅಕ್ಷರವಲ್ಲ. 'ಮೋಟಾರ್' ಪದ ಮ, ಟ, ರ ಎಂದು ಮೂರು ಚೂರಾಗುತ್ತದೆ. ಎರಡಕ್ಷರಕ್ಕಿಂತ ಚಿಕ್ಕ ಚೂರನ್ನು ವೂಶ್ ಸೂಚಿಗೆ ಸೇರಿಸುವುದೇ ಇಲ್ಲ. ಪತ್ರ ಕಣ್ಣೆದುರೇ ಇದ್ದರೂ ಹುಡುಕಿದರೆ ಸೊನ್ನೆ. ಇದಕ್ಕೆ ಮದ್ದು ಝಾಪಿಯನ್ ಎಂಬ ಇನ್ನೊಂದು ಹುಡುಕುಯಂತ್ರ. ಕಾಗುಣಿತ ಚಿಹ್ನೆಗಳನ್ನೂ ಪದದ ಭಾಗವೆಂದೇ ಅದು ಎಣಿಸುತ್ತದೆ. ಜ್ಯಾಂಗೊ (ಆಡಳಿತ ಪುಟ, ಸಂಗ್ರಹ ಎರಡೂ ನಿಂತಿರುವ ಚೌಕಟ್ಟು) ಸೆಟ್ಟಿಂಗ್‌ನಲ್ಲಿ ಹುಡುಕಾಟದ ಭಾಗವಾದ ಹೇಸ್ಟ್ಯಾಕ್‌ನ ಎಂಜಿನ್ ಬದಲಿಸಿ, ಸೂಚಿಯನ್ನು ಪೂರ್ತಿ ಮರುನಿರ್ಮಿಸಿ. ಲಿಸ್ಟ್ ಚಿಕ್ಕದಿರುವಾಗಲೇ ಮಾಡಿದರೆ ನಿಮಿಷಗಳ ಕೆಲಸ.

ಮಾಡರೇಟರ್ ಮುಂದೆ ಬರುವ ಪತ್ರ

ಮೇಲ್‌ಮ್ಯಾನ್ 3ರಲ್ಲಿ ತಡೆದಿಟ್ಟ ಪತ್ರವನ್ನು ತಿದ್ದಲು ಆಗುವುದಿಲ್ಲ. ಬಿಡಬಹುದು, ಕಾರಣ ಬರೆದು ತಿರುಗಿಸಬಹುದು, ಎಸೆಯಬಹುದು. ತಿದ್ದಲು ಆಗದಿರುವುದೇ ಒಳ್ಳೆಯದು. ಒಬ್ಬರ ಹೆಸರಿನ ಕೆಳಗೆ ಇನ್ನೊಬ್ಬರ ಮಾತು ಇರಬಾರದು.

'ಮೋಟಾರ್ ಹೀಟ್ ಆಗ್ತಿದೆ, ಅರ್ಜೆಂಟ್ ಹೇಳಿ' ಎಂಬ ಪತ್ರ ಬಂದರೆ ಬಿಡಬೇಡಿ, ಎಸೆಯಲೂಬೇಡಿ. ಸಿದ್ಧ ಉತ್ತರದಲ್ಲಿ ನಾಲ್ಕು ವಿಷಯ ಕೇಳಿ: ನೇಮ್‌ಪ್ಲೇಟ್ ವಿವರ, ಮೂರೂ ಫೇಸ್‌ಗಳಲ್ಲಿ ಅಳೆದ ಕರೆಂಟ್ ಮತ್ತು ವೋಲ್ಟೇಜ್, ಯಾವಾಗಿನಿಂದ ಹೀಗೆ, ಈವರೆಗೆ ಏನೇನು ಮಾಡಿದ್ದೀರಿ. ಶೀರ್ಷಿಕೆ 'ವಿಎಫ್‌ಡಿ, 7.5 ಕಿಲೋವ್ಯಾಟ್, ವೇಗ ಏರುವಾಗ ಓವರ್‌ಕರೆಂಟ್ ಟ್ರಿಪ್' ಎಂಬಂತಿರಲಿ. ಹೀಗೆ ಕೇಳಿದಾಗ ಅಳೆಯುತ್ತಾ ಹೋದವರಿಗೆ ಒಂದು ಫೇಸ್ ಸಡಿಲವಿರುವುದು ತಾವೇ ಸಿಕ್ಕಿಬಿಡುವುದೂ ಉಂಟು. ಸಿಕ್ಕಿದರೆ ಅದನ್ನೂ ಬರೆದು ಕಳಿಸಲು ಹೇಳಿ. ಅದೇ ಶೀರ್ಷಿಕೆಗೆ 'ಪರಿಹಾರ' ಎಂದು ಸೇರಿಸಿದ ಪತ್ರ ಸಂಗ್ರಹದ ನಿಜವಾದ ಆಸ್ತಿ.

ಸುರಕ್ಷತೆಯ ವಿಷಯದಲ್ಲಿ ಮಾಡರೇಟರ್ ಕಟ್ಟುನಿಟ್ಟಾಗಿರಬೇಕು. ಓವರ್‌ಲೋಡ್ ರಿಲೇಯ 95-96 ಸಂಪರ್ಕ (ಭಾರ ಹೆಚ್ಚಾದಾಗ ಮೋಟಾರು ನಿಲ್ಲಿಸುವಂಥದ್ದು) ಶಾರ್ಟ್ ಮಾಡಿ ಓಡಿಸಿ, ಗಾರ್ಡ್‌ನ ಇಂಟರ್‌ಲಾಕ್ ಬೈಪಾಸ್ ಮಾಡಿ ಎಂಬ ಸಲಹೆ, ಯಾರೇ ಬರೆದಿರಲಿ, ಹೊರಗೆ ಹೋಗಬಾರದು. ವಿಎಫ್‌ಡಿ ಜೋಡಿಸಿರುವಾಗಲೇ 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಪರೀಕ್ಷಕ) ಹಾಕಿ ಎಂಬುದೂ ಅಷ್ಟೇ, ಕೇಬಲ್ ಬಿಡಿಸದೆ ಹಾಕಿದರೆ ಡ್ರೈವ್ ಸುಡುತ್ತದೆ. ಇಂಥ ಪತ್ರವನ್ನು ಕಾರಣ ಬರೆದು ಹಿಂದಿರುಗಿಸಿ. ನಂಬಿಕಸ್ತ ಸದಸ್ಯರದ್ದಾಗಿ ಈಗಾಗಲೇ ಹೋಗಿಬಿಟ್ಟಿದ್ದರೆ ತಕ್ಷಣ ತಿದ್ದುಪಡಿ ಪತ್ರ ಕಳಿಸಿ.

ದರಗಳ ಚರ್ಚೆಯ ಪತ್ರವನ್ನೂ ಹೊರಗೆ ಬಿಡಬೇಡಿ. ಸದಸ್ಯರಲ್ಲಿ ರಿವೈಂಡಿಂಗ್ ಅಂಗಡಿಗಳವರೂ ಗುತ್ತಿಗೆದಾರರೂ ಇರುತ್ತಾರೆ. ಸ್ಪರ್ಧಿಗಳು ಸೇರಿ 'ಇಷ್ಟಕ್ಕಿಂತ ಕಡಿಮೆಗೆ ಮಾಡುವುದು ಬೇಡ' ಎಂದು ಒಪ್ಪಿಕೊಳ್ಳುವುದು 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ಅಡಿ ನಿಷಿದ್ಧ. ಅದರ ಲಿಖಿತ ದಾಖಲೆ ನಿಮ್ಮ ಸರ್ವರ್‌ನಲ್ಲೇ ಇರುತ್ತದೆ. ಸಂಗ್ರಹವನ್ನು ಸದಸ್ಯರಿಗೆ ಮಾತ್ರ ಕಾಣುವಂತೆ ಖಾಸಗಿಯಾಗಿಡಿ. ಕಾರ್ಖಾನೆಯ ಒಳಗಿನ ವಿವರ ಗೂಗಲ್‌ನಲ್ಲಿ ಸಿಗುತ್ತದೆಂದರೆ ಯಾರೂ ಬಿಚ್ಚಿ ಬರೆಯುವುದಿಲ್ಲ.

ಕನಿಷ್ಠ ಮೂವರು ಮಾಡರೇಟರ್‌ಗಳು, ಬೇರೆ ಬೇರೆ ಪಾಳಿಯವರು. ಯಂತ್ರ ನಿಂತಿರುವಾಗ ಕೇಳಿದ ಪ್ರಶ್ನೆ ಎರಡು ದಿನ ತಡೆಯಲ್ಲಿದ್ದರೆ ಕೇಳಿದವರು ಮತ್ತೆ ಬರುವುದಿಲ್ಲ, ಹಾಗಾಗಿ 12 ಗಂಟೆಯೊಳಗೆ ತೀರ್ಮಾನವಾಗಲಿ. ತಕ್ಷಣದ ಸೂಚನೆ ಆನ್ ಇರಲಿ, ದಿನಕ್ಕೊಮ್ಮೆ ಬಾಕಿ ಪಟ್ಟಿ ಕಳಿಸುವ ಕ್ರಾನ್ ಕೆಲಸವೂ ಇರಲಿ. ಜಗಳ ಹತ್ತಿಕೊಂಡರೆ 'ಎಮರ್ಜೆನ್ಸಿ' ಆಯ್ಕೆ ಒತ್ತಿದರೆ ಎಲ್ಲರ ಪತ್ರವೂ ತಡೆಗೆ ಬರುತ್ತದೆ. ತಣ್ಣಗಾದ ಮೇಲೆ ತೆಗೆಯಲು ಮರೆಯಬೇಡಿ.

ಕಳಿಸುವ ಲೆಕ್ಕ, ಬ್ಯಾಕಪ್

ಹೊಸ ಐಪಿಯಿಂದ ಒಮ್ಮೆಲೇ ರಾಶಿ ಪತ್ರ ಹೊರಟರೆ ಜಿಮೇಲ್ 421 ಎಂಬ ತಾತ್ಕಾಲಿಕ ತಡೆಯ ಸಂಕೇತ ಕೊಟ್ಟು ತಡಮಾಡಿಸುತ್ತದೆ. ಪೋಸ್ಟ್‌ಫಿಕ್ಸ್ ಒಂದು ಸಂಪರ್ಕದಲ್ಲಿ 50 ಸ್ವೀಕರ್ತರನ್ನು ಸೇರಿಸುತ್ತದೆ, 250 ಜಿಮೇಲ್ ವಿಳಾಸಗಳಿಗೆ ಐದೇ ಸಲ ಹೋಗಿ ಬಂದರೆ ಸಾಕು. ಆದರೆ ಲಿಸ್ಟ್‌ನಲ್ಲಿ 'ಪರ್ಸನಲೈಸ್' (ಪ್ರತಿಯೊಬ್ಬರಿಗೂ ಬೇರೆ ಪ್ರತಿ) ಆನ್ ಮಾಡಿದರೆ ಅದೇ 250 ಸಲ ಆಗುತ್ತದೆ. ಆರಂಭದಲ್ಲಿ ಆಫ್ ಇಡಿ, ಏಕಕಾಲದ ಸಂಪರ್ಕ 2ಕ್ಕೆ ಸೀಮಿತಗೊಳಿಸಿ.

ಇನ್ನೊಂದು ಮಿತಿ ನೆನಪಿನಲ್ಲಿರಲಿ. 2024ರ ಫೆಬ್ರವರಿಯಿಂದ ಜಿಮೇಲ್ ದಿನಕ್ಕೆ 5,000 ಪತ್ರ ಕಳಿಸುವವರಿಗೆ ಎಸ್‌ಪಿಎಫ್, ಡಿಕೆಐಎಂ, ಡಿಎಂಎಆರ್‌ಸಿ ಮೂರನ್ನೂ ಕಡ್ಡಾಯ ಮಾಡಿದೆ, ಸ್ಪ್ಯಾಮ್ ದೂರು 0.3 ಶೇಕಡಾ ಮುಟ್ಟಬಾರದೆಂದಿದೆ. 250 ಜಿಮೇಲ್ ಸದಸ್ಯರು, ದಿನಕ್ಕೆ 20 ಪತ್ರ, ಅಲ್ಲಿಗೆ 5,000 ಆಯಿತು. ಹೆಚ್ಚು ಪತ್ರ ಬೇಡವೆನ್ನುವವರನ್ನು ಹಲವು ಪತ್ರಗಳನ್ನು ಒಂದಾಗಿ ಕಟ್ಟಿ ಕಳಿಸುವ ಡೈಜೆಸ್ಟ್‌ಗೆ ಹಾಕಿ. ಬೇಸತ್ತವರು 'ಸ್ಪ್ಯಾಮ್' ಗುಂಡಿ ಒತ್ತುವುದು ಅದರಿಂದಲೇ ಕಡಿಮೆಯಾಗುತ್ತದೆ.

ಚಾಲೂ ಮಾಡುವ ಮುನ್ನ ಜಿಮೇಲ್, ಯಾಹೂ ಮತ್ತು ಒಂದು ಕಂಪನಿ ವಿಳಾಸದಿಂದ ಕನ್ನಡ ಶೀರ್ಷಿಕೆ, ಕನ್ನಡ ಪಠ್ಯ, ಒಂದು ಜೆಪೆಗ್ ಇರುವ ಪತ್ರ ಕಳಿಸಿ. ಪಡೆದ ಪ್ರತಿಯ ಮೂಲ ಹೆಡರ್ ತೆರೆದು ಮೂರೂ ಪರೀಕ್ಷೆಯ ಮುಂದೆ 'ಪಾಸ್' ಇದೆಯೇ ನೋಡಿ. ಅದೇ ಪತ್ರದ ಒಂದು ಕನ್ನಡ ಪದವನ್ನು ಸಂಗ್ರಹದಲ್ಲಿ ಹುಡುಕಿ.

ಬ್ಯಾಕಪ್‌ಗೆ ಪ್ರತಿ ರಾತ್ರಿ ಪೋಸ್ಟ್‌ಗ್ರೆಸ್ ಡಂಪ್, ಮೇಲ್‌ಮ್ಯಾನ್‌ನ ಡೇಟಾ ಕೋಶ, ಸಂರಚನಾ ಕಡತಗಳು, ಡಿಕೆಐಎಂ ಖಾಸಗಿ ಕೀಲಿ. ಝಾಪಿಯನ್ ಸೂಚಿ ಬೇಕಿಲ್ಲ, ಡೇಟಾಬೇಸ್‌ನಿಂದ ಮತ್ತೆ ಕಟ್ಟಬಹುದು. ಮರುಸ್ಥಾಪನೆಯನ್ನು ಬೇರೊಂದು ಯಂತ್ರದಲ್ಲಿ ಮಾಡಿ ನೋಡುವಾಗ ಅದರ ಹೊರಹೋಗುವ ಪೋರ್ಟ್ 25 ಮುಚ್ಚಿರಲಿ, ಇಲ್ಲದಿದ್ದರೆ ಸಾಲಿನಲ್ಲಿ ಉಳಿದಿದ್ದ ಹಳೆಯ ಪತ್ರಗಳು 300 ಜನಕ್ಕೂ ಮತ್ತೊಮ್ಮೆ ಹೋಗುತ್ತವೆ.